ಹದಿನಾಲ್ಕಲ್ಲ, ಎರಡೇ

“ಹದಿನಾಲ್ಕು ಎಲೆ ಇದೆ ಸರ್. ಒಣಗಿದ್ದೆಲ್ಲ ಕತ್ತರಿಸಿಬಿಡ್ಲಾ?”

ಗಾಜಿನಮನೆಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಕತ್ತರಿ ಹಿಡಿದು ಕೇಳಿದ್ದು ಇಷ್ಟೇ. ಎದುರಿಗಿದ್ದದ್ದು ವೆಲ್ವಿಚಿಯಾ, ಆಫ್ರಿಕಾದ ಮರುಭೂಮಿಯ ಗಿಡ. ಹದಿನಾಲ್ಕಲ್ಲ ಮಾರಾಯ, ಎರಡೇ ಎಂದರೆ ನಕ್ಕ. ಅವನ ತಪ್ಪೂ ಅಲ್ಲ, ಹಳೇ ಚಾಪೆ ಹರಿದು ಗುಡ್ಡೆ ಹಾಕಿದಂತಿರುತ್ತದೆ ಈ ಗಿಡ. ಆದರೆ ಅವನು ಸುಮ್ಮನಾಗಲಿಲ್ಲ, ಒಂದೊಂದು ಸೀಳಿನ ಜಾಡು ಹಿಡಿದು ಬುಡದವರೆಗೂ ಬೆರಳಾಡಿಸಿದ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಿಗಿಂತ ಇಂಥವರು ವಾಸಿ.

ಮೊಳಕೆಯಲ್ಲಿ ಎರಡು ಬೀಜದೆಲೆ, ಅವಕ್ಕೆ ಅಡ್ಡಲಾಗಿ ಎರಡು ನಿಜವಾದ ಎಲೆ. ಬೀಜದೆಲೆ ಒಣಗಿ ಹೋಗುತ್ತವೆ, ಕಾಂಡದ ತುದಿ ಅಲ್ಲಿಗೇ ನಿಲ್ಲುತ್ತದೆ. ಸಾವಿರ ವರ್ಷ ಬದುಕಿದರೂ ಆಮೇಲೆ ಅವೆರಡೇ. ಬೆಳವಣಿಗೆಯೆಲ್ಲ ಬುಡದ ತೋಡಿನಲ್ಲಿ. ಅಲ್ಲಿಂದ ಹೊಸದು ಹೊರಬರುತ್ತಿದ್ದಂತೆ ಹಳೆಯ ತುದಿ ಕರಕಲಾಗಿ, ಗಾಳಿಗೆ ಉದ್ದುದ್ದ ಸೀಳುತ್ತದೆ. ತುದಿ ಕತ್ತರಿಸಿದರೆ ನಷ್ಟವೇನಿಲ್ಲ. ತೋಡಿಗೆ ಪೆಟ್ಟು ಬಿದ್ದರೆ ಮಾತ್ರ ಬದಲಿಗೆ ಮೂರನೆಯ ಎಲೆ ಬರುವುದಿಲ್ಲ.

ಹದಿನಾಲ್ಕು! ಎಣಿಕೆ ಇನ್ನೂ ಕಿವಿಯಲ್ಲಿದೆ. ತುದಿಯಿಂದ ಎಣಿಸಿದರೆ ಹಾಗೇ ಆಗುವುದು. ಇದರ ನೆಲೆಯನ್ನೂ ಜನ ಹಾಗೇ ತುದಿಯಿಂದ ಓದುತ್ತಾರೆ. ಸಸ್ಯಶಾಸ್ತ್ರಜ್ಞ ಫ್ರೆಡ್ರಿಕ್ ವೆಲ್ವಿಚ್ 1859ರಲ್ಲಿ ಇದನ್ನು ಕಂಡದ್ದು ಅಂಗೋಲಾದ ದಕ್ಷಿಣದಲ್ಲಿ. ಅಲ್ಲಿಂದ ನಮೀಬಿಯಾದ ಕುಯಿಸೆಬ್ ನದಿಯವರೆಗೆ ಸುಮಾರು 1,000 ಕಿ.ಮೀ. ಉದ್ದದ ನಮೀಬ್ ಮರುಭೂಮಿಯ ಪಟ್ಟಿ ಬಿಟ್ಟರೆ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಅಲ್ಲೂ ಒಣಹಳ್ಳ, ಜಲ್ಲಿಬಯಲುಗಳಲ್ಲಿ ಬಿಡಿಬಿಡಿ ಗುಂಪುಗಳು. ಕಾರಣ ಕೇಳಿದರೆ ಎಲ್ಲರೂ ಕರಾವಳಿಯ ಮಂಜು ಎಂದುಬಿಡುತ್ತಾರೆ. ಆದರೆ ಬೆಳೆದ ಗಿಡ ಗಟ್ಟಿ, ಕಷ್ಟವಿರುವುದು ಹುಟ್ಟುವುದರಲ್ಲಿ. ಗಂಡು ಹೆಣ್ಣು ಬೇರೆ ಬೇರೆ ಗಿಡ. ಕೀಟ ಪರಾಗ ತರಬೇಕು, ಬೀಜ ಬಿದ್ದ ಮೇಲೆ ನೆಲ ದಿನಗಟ್ಟಲೆ ಒದ್ದೆಯಿರಬೇಕು. ಅಷ್ಟರಲ್ಲಿ ಆಸ್ಪರ್ಜಿಲಸ್ ನೈಜರ್, ಅಂದರೆ ಈರುಳ್ಳಿ ಸಿಪ್ಪೆಯ ಮೇಲೆ ಕಾಣುವ ಅದೇ ಕರಿ ಬೂಷ್ಟು, ಬಹುಪಾಲು ಬೀಜವನ್ನು ಕೊಳೆಸಿರುತ್ತದೆ.

ಕುಂಡದಲ್ಲೂ ಸೋಲುವುದು ಇಲ್ಲೇ. ಬೀಜದ ರೆಕ್ಕೆ ತೆಗೆದು, ಶಿಲೀಂಧ್ರನಾಶಕ ಸವರಿ, ಒರಟು ಮರಳಲ್ಲಿ ತೆಳ್ಳಗೆ ಮುಚ್ಚಬೇಕು. ಎರಡು ಮೂರು ವಾರ ತೇವ ಆರಬಾರದು, ನೀರೂ ನಿಲ್ಲಬಾರದು. ಕುಂಡ ಮೊದಲ ದಿನದಿಂದಲೇ ಆಳವಿರಲಿ. ತಾಯಿಬೇರಿನ ತುದಿ ಮುರಿದರೆ ಸಸಿ ಉಳಿಯುವುದು ಅಪರೂಪ, ಆಮೇಲೆ ದೊಡ್ಡ ಕುಂಡಕ್ಕೆ ಬದಲಿಸೋಣ ಅನ್ನುವವರ ಸಸಿ ಸಾಯುವುದು ಹಾಗೆಯೇ.

ಹುಡುಗ ಕತ್ತರಿ ಒಳಗಿಟ್ಟ. ಸೀಳುಗಳ ಸಂದಿಯಲ್ಲಿ ಸಿಕ್ಕಿಕೊಂಡ ಕಸ ಇನ್ನೂ ಬಾಕಿ, ಅದನ್ನು ಕೈಯಲ್ಲೇ ತೆಗೆಯಬೇಕು.