ದೂರೇ ಇಲ್ಲದ ಅಪಾರ್ಟ್‌ಮೆಂಟ್

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನನ್ನ ಕೆಲಸ. ಕಡಿಮೆ ಸಂಬಳದವರು ಬಾಡಿಗೆಗಿರುವ ಅಪಾರ್ಟ್‌ಮೆಂಟ್‌ಗಳನ್ನು ನಮ್ಮ ಸಂಸ್ಥೆ ನೋಡಿಕೊಳ್ಳುತ್ತದೆ. ಒಂದು ಜನವರಿಯಲ್ಲಿ ತುಂಬಾ ಹಾಳಾಗಿದ್ದ ಕಾಂಪ್ಲೆಕ್ಸ್ ಒಂದು ನಮ್ಮ ಕೈಗೆ ಬಂತು. ಹಿಂದೆ ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋಗಿದ್ದು ಒಂದು ರಟ್ಟಿನ ಪೆಟ್ಟಿಗೆ ತುಂಬಾ ಬೀಗದ ಕೈ. ಯಾವ ಕೈ ಯಾವ ಮನೆಯದು ಅಂತ ಗುರುತಿಲ್ಲ. ಜೊತೆಗೆ ರಿಪೇರಿಗಳ ಪಟ್ಟಿ. ಬಾಕಿ ಉಳಿದ ದೂರು: ಸೊನ್ನೆ.

ಹೊರಗೆ ಕಸದ ಡಬ್ಬ ತುಂಬಿ ಚೆಲ್ಲುತ್ತಿತ್ತು. ಮೆಟ್ಟಿಲ ಹತ್ತಿರ ದೀಪ ಉರಿಯುತ್ತಿರಲಿಲ್ಲ. ಒಂದು ಕಿಟಕಿಗೆ ಗಾಜು ಹೋಗಿ ಪ್ಲೈವುಡ್ ಬಡಿದಿದ್ದರು. ಇಂಥ ಕಡೆ ದೂರೇ ಇಲ್ಲ ಅಂದರೆ ಜನ ಹೇಳೋದನ್ನೇ ಬಿಟ್ಟಿದ್ದಾರೆ ಅಂತ ತಾನೇ?

ಈ ಥರದ ಕಟ್ಟಡಗಳು ಸುಮ್ನೆ ಹಾಳಾಗುವುದಿಲ್ಲ. ಇವುಗಳಲ್ಲಿ ಬಹಳಷ್ಟು 1986ರ ತೆರಿಗೆ ಕಾನೂನಿನಿಂದ ಹುಟ್ಟಿದವು. ದುಡ್ಡು ಹಾಕಿದವರಿಗೆ ಹತ್ತು ವರ್ಷ ತೆರಿಗೆ ರಿಯಾಯಿತಿ ಸಿಗುತ್ತದೆ. ಬದಲಿಗೆ, ಸಾಮಾನ್ಯವಾಗಿ ಆ ಊರಿನ ನಡುಮಟ್ಟದ ಆದಾಯದ ಶೇ. 60ರೊಳಗೆ ದುಡಿಯುವವರಿಗೆ ಮನೆ ಕೊಡಬೇಕು. ಬಾಡಿಗೆಗೂ ಮಿತಿ ಇದೆ. ನಿಯಮ ಮೀರಿದರೆ ರಿಯಾಯಿತಿ ವಾಪಸ್ ಕಟ್ಟಬೇಕಾದ ಭಯ ಮೊದಲ 15 ವರ್ಷ ಇರುತ್ತದೆ. ಆಮೇಲೆ ಬಾಡಿಗೆಯ ಮಿತಿ ಮುಂದುವರಿಯುತ್ತದೆ, ದುಡ್ಡು ಹಾಕಿದವರು ಹೊರಟುಹೋಗುತ್ತಾರೆ. ಚಾವಣಿ, ಪೈಪು, ಹೀಟರ್ ಕೈಕೊಡಲು ಶುರುವಾಗುವುದೂ ಅದೇ ಹೊತ್ತಿಗೆ.

ಒಹಾಯೊದಲ್ಲಿ ಬಾಡಿಗೆದಾರರ ಮನೆಯೊಳಗೆ ಹೋಗಬೇಕಾದರೆ ಸಾಮಾನ್ಯವಾಗಿ 24 ಗಂಟೆ ಮೊದಲೇ ತಿಳಿಸಬೇಕು. ಚೀಟಿ ಹಂಚಿ, ಮರುದಿನ ಮೇಂಟೆನೆನ್ಸ್‌ನವರ ಜೊತೆ ಮನೆಮನೆಗೂ ಹೋದೆ. ಸಿಂಕಿನ ಕೆಳಗೆ ಬಕೆಟ್. ಬಚ್ಚಲ ಚಾವಣಿಯಲ್ಲಿ ಕಪ್ಪು ಬೂಷ್ಟು. ಬ್ಯಾಟರಿ ಇಲ್ಲದ ಸ್ಮೋಕ್ ಅಲಾರಂ.

ಒಂದು ಮನೆಯಲ್ಲಿ ಭೂತಾನದಿಂದ ನಿರಾಶ್ರಿತರಾಗಿ ಬಂದ ನೇಪಾಳಿ ಅಜ್ಜಿ ಇದ್ದರು. ಕೊಲಂಬಸ್‌ನಲ್ಲಿ ಅವರ ಜನ ಜಾಸ್ತಿ. ಅಡುಗೆಮನೆಯಲ್ಲಿ ಗ್ಯಾಸ್ ಅವನ್ ಹಚ್ಚಿ, ಅದರ ಬಾಗಿಲು ತೆರೆದಿಟ್ಟು ಮನೆ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ನನ್ನ ಎದೆ ಧಸಕ್ಕೆಂದಿತು. ಹೀಗೆ ಗ್ಯಾಸ್ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಮನೆಯಲ್ಲಿ ತುಂಬಬಹುದು. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅವನ್ ಆರಿಸಿ, ಕಿಟಕಿ ತೆಗೆದೆವು. ಅಜ್ಜಿಗೆ ಹಿಂದಿ ಬರುತ್ತಿತ್ತು, ನನಗೂ ಅಷ್ಟಿಷ್ಟು ಬರುತ್ತೆ.

"ಹೀಟರ್ ಕೆಟ್ಟಿದೆ ಅಂತ ಯಾರಿಗಾದರೂ ಹೇಳಿದ್ರಾ?"

"ಆಫೀಸಿಗೆ ಹೋಗಿ ಹೇಳಿದೆ, ಬೇಟಾ. ತಲೆ ಆಡಿಸಿದರು. ಬರೆದುಕೊಳ್ಳಲಿಲ್ಲ."

ಹೀಟರ್ ಹೊತ್ತಿಕೊಂಡು ಕೂಡಲೇ ಆರುತ್ತಿತ್ತು. ಉರಿ ಇದೆಯೋ ಇಲ್ಲವೋ ನೋಡುವ ಸಣ್ಣ ಸೆನ್ಸರ್ ಕಡ್ಡಿಗೆ ಮಸಿ ಹಿಡಿದಿತ್ತು, ಅಷ್ಟೇ. ನಮ್ಮ ಮೆಕ್ಯಾನಿಕ್ ಅದನ್ನು ಬಿಚ್ಚಿ ಉಜ್ಜಿ ಹಾಕಿದ. ಚೂರು ಹೊತ್ತಿನ ಕೆಲಸ. ಅದಕ್ಕಾಗಿ ಒಬ್ಬ ವಯಸ್ಸಾದ ಹೆಂಗಸು ಜೀವ ಪಣಕ್ಕಿಟ್ಟು ಚಳಿ ಕಳೆಯಬೇಕಾಯಿತಲ್ಲ ಅಂತ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆ "ಬರೆದುಕೊಳ್ಳಲಿಲ್ಲ" ಸಣ್ಣ ವಿಷಯವಲ್ಲ. ಇಲ್ಲಿನ ಕಾನೂನಿನಲ್ಲಿ, ಬಾಡಿಗೆ ಬಾಕಿ ಇಲ್ಲದವರು ಲಿಖಿತ ದೂರು ಕೊಟ್ಟು, ಹೆಚ್ಚೆಂದರೆ 30 ದಿನದಲ್ಲಿ ರಿಪೇರಿ ಆಗದಿದ್ದರೆ ಬಾಡಿಗೆಯನ್ನು ಮಾಲೀಕರ ಬದಲು ಕೋರ್ಟಿನ ಕ್ಲರ್ಕ್ ಹತ್ತಿರ ಕಟ್ಟಬಹುದು. ಬಾಯಿಮಾತಿಗೆ ಆ ಬಲ ಇಲ್ಲ. ಇಂಗ್ಲಿಷ್ ಬರೆಯಲು ಬಾರದವರ ದೂರನ್ನು ಆಫೀಸಿನವರೂ ಬರೆಯದಿದ್ದರೆ ಅವರಿಗೆ ಇನ್ನೇನು ಉಳಿಯಿತು?

ಹಾಗಾಗಿ ಮೊದಲು ತರಿಸಿದ್ದು, ಬರೆದದ್ದರ ನಕಲೂ ಮೂಡುವ ಡೂಪ್ಲಿಕೇಟ್ ಪುಸ್ತಕ. ಯಾರೇ ಬಂದು ಯಾವ ಭಾಷೆಯಲ್ಲಿ ಹೇಳಿದರೂ ಕೇಳಿ ಬರೆಯುವುದು, ತಾರೀಖು ಹಾಕಿ ಒಂದು ಪ್ರತಿ ಅವರ ಕೈಗೆ ಕೊಡುವುದು. ನೇಪಾಳಿ, ಸೊಮಾಲಿ ಮಾತಾಡುವವರಿಗೆ ಫೋನಿನಲ್ಲೇ ದುಭಾಷಿ. ಮೊದಲು ಜನ ಅನುಮಾನದಿಂದಲೇ ಬಂದರು. ಒಂದೆರಡು ಮನೆಯ ನಲ್ಲಿ ಸರಿಯಾದ ಮೇಲೆ ಸಾಲು ನಿಂತರು.

ಮಾಲೀಕರಿಂದ ಫೋನ್ ಬಂತು. "ನೀವು ಬಂದ ಮೇಲೆ ದೂರು ಜಾಸ್ತಿ ಆಗಿದೆಯಲ್ಲ!" ಹಾಗೇ ಆಗಬೇಕು ಅಂದೆ. ಗೇಟಿನ ಹೊಸ ಬೋರ್ಡಿಗೂ ಹೂವಿನ ಗಿಡಕ್ಕೂ ಅಂತ ಇಟ್ಟಿದ್ದ ದುಡ್ಡನ್ನು ಹೀಟರ್‌ಗೆ, ಅಲಾರಂಗೆ ಹಾಕೋಣ ಅಂತ ಕೇಳಿದೆ. ಸ್ವಲ್ಪ ವಾದ ಆಯಿತು, ಒಪ್ಪಿದರು.

ಚಾವಣಿ ಇನ್ನೂ ಸೋರುತ್ತಿದೆ. ಅದು ಬಾಡಿಗೆ ದುಡ್ಡಿನಲ್ಲಿ ಆಗುವ ಕೆಲಸವಲ್ಲ. ಹಳೆ ಕಟ್ಟಡದ ದೊಡ್ಡ ದುರಸ್ತಿಗೆ ಮತ್ತೆ ತೆರಿಗೆ ರಿಯಾಯಿತಿ ಕೇಳಲು ಅವಕಾಶ ಇದೆ, ಮಾಲೀಕರು ಅರ್ಜಿ ತಯಾರು ಮಾಡುತ್ತಿದ್ದಾರೆ. ಕಟ್ಟಡದ ಸ್ಥಿತಿ ತೋರಿಸಲು ಆ ಪುಸ್ತಕದ ಹಾಳೆಗಳನ್ನೂ ಜೊತೆಗೆ ಇಡುತ್ತಿದ್ದೇವೆ.