ಪ್ಯಾಲೆಟ್‌ಗೆ ಸೀಲು ಬೀಳುವ ಮುಂಚೆ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಹೊರದೇಶಕ್ಕೆ ಸರಕು ಕಳಿಸುವವರು ಮರದ ಪ್ಯಾಲೆಟ್ (ಸರಕು ಪೇರಿಸುವ ಅಡಿಹಲಗೆ) ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ, "ಸೀಲು ಇದೆಯಾ?" ಅಂತ. ಸೀಲು ಹೊಡೆಯಲು ಐದು ನಿಮಿಷ ಸಾಕು. ಆದರೆ ಎಚ್‌ಟಿ (ಹೀಟ್ ಟ್ರೀಟ್‌ಮೆಂಟ್, ಅಂದರೆ ಶಾಖ ಕೊಟ್ಟಿದೆ ಅನ್ನುವ) ಸೀಲು ಬೀಳಬೇಕಾದರೆ ಮರದ ನಟ್ಟನಡುವೆ 56 ಡಿಗ್ರಿ ಸೆಲ್ಸಿಯಸ್ ಶಾಖ ಎಡೆಬಿಡದೆ 30 ನಿಮಿಷ ನಿಂತಿರಬೇಕು. ಮರದ ಪ್ಯಾಕಿಂಗ್‌ಗೆಂದು 2002ರಲ್ಲಿ ಬಂದ ಐಎಸ್‌ಪಿಎಂ 15 ಅನ್ನುವ ಅಂತರರಾಷ್ಟ್ರೀಯ ನಿಯಮದ ತಿರುಳು ಇದೇ. ಹಸಿ ಮರದೊಳಗೆ ಕೂತು ದೇಶ ದಾಟುವ ಕೊರಕ ಹುಳಗಳನ್ನು ತಡೆಯಲೆಂದೇ ಇದನ್ನು ಮಾಡಿದ್ದು.

ಕೆಲಸ ಶುರುವಾಗುವುದು ಸಾಮಿಲ್‌ನಲ್ಲಿ. ನೀಲಗಿರಿಯಾಗಲಿ, ಸಿಲ್ವರ್ ಓಕ್ ಆಗಲಿ, ಮಾವಾಗಲಿ, ತೊಗಟೆ ತೆಗೆದಿರಬೇಕು. ಅಲ್ಲಲ್ಲಿ ಉಳಿದ ಚೂರು 3 ಸೆಂ.ಮೀ.ಗಿಂತ ಕಡಿಮೆ ಅಗಲವಿದ್ದರೆ ಉದ್ದ ಎಷ್ಟಿದ್ದರೂ ನಡೆಯುತ್ತದೆ. ಅದಕ್ಕಿಂತ ಅಗಲವಾದರೆ ಒಂದೊಂದು ಚೂರಿನ ವಿಸ್ತೀರ್ಣ 50 ಚದರ ಸೆಂ.ಮೀ.ಗಿಂತ ಕಡಿಮೆ ಇರಬೇಕು. ದಿಮ್ಮಿಯ ಅಂಚಿನ ಹಲಗೆಯನ್ನು ಅಗ್ಗವೆಂದು ಪ್ಯಾಲೆಟ್‌ನ ಅಡಿಗೆ ಹೊಡೆಯುವ ರೂಢಿಯಿದೆ. ತೊಗಟೆ ಸಿಕ್ಕಿಬೀಳುವುದು ಅಲ್ಲೇ, ಹಾಗಾಗಿ ಪ್ಯಾಲೆಟ್ ಮಗುಚಿ ಹಾಕಿ ನೋಡಿ.

ಇನ್ನು ಮರಕ್ಕೆ ಶಾಖ ಕೊಡುವ ಚೇಂಬರ್. ಗಾಳಿಯ ಮೀಟರ್ 70 ತೋರಿಸಿತೆಂದು ಅಲ್ಲಿಂದ ಅರ್ಧ ಗಂಟೆ ಎಣಿಸುವುದು ದೊಡ್ಡ ತಪ್ಪು. ಹೊರಗೆ 70 ಇರುವಾಗ 100 ಮಿ.ಮೀ. ದಪ್ಪದ ಹಸಿ ಬ್ಲಾಕಿನ ನಡುಭಾಗ ಇನ್ನೂ ತಣ್ಣಗಿರಬಹುದು. ಲೋಡಿನಲ್ಲಿರುವ ಅತಿ ದಪ್ಪನೆಯ, ಅತಿ ಹಸಿಯಾದ ತುಂಡನ್ನು ಆರಿಸಿ, ಸೆನ್ಸರ್ ಬಿಗಿಯಾಗಿ ಕೂರುವಷ್ಟೇ ತೂತು ಕೊರೆದು, ನಟ್ಟನಡುವಿಗೆ, 100 ಮಿ.ಮೀ. ಬ್ಲಾಕಾದರೆ 50 ಮಿ.ಮೀ. ಆಳಕ್ಕೆ, ಇಳಿಸಬೇಕು. ತೂತಿನ ಬಾಯಿಗೆ ಪುಟ್ಟಿ ಮೆತ್ತಲೇಬೇಕು, ಇಲ್ಲದಿದ್ದರೆ ಬಿಸಿಗಾಳಿ ಒಳನುಗ್ಗಿ ಮರ ಕಾಯುವ ಮುಂಚೆಯೇ 56 ತೋರಿಸುತ್ತದೆ. ಮೊಳೆಯ ಹತ್ತಿರವೂ ಕೊರೆಯಬೇಡಿ, ಕಬ್ಬಿಣ ಶಾಖವನ್ನು ಬೇಗ ಒಳಗೆ ಎಳೆಯುತ್ತದೆ. ಕನಿಷ್ಠ ಎರಡು ಸೆನ್ಸರ್ ಇರಲಿ, ಚೇಂಬರಿನಲ್ಲಿ ತಡವಾಗಿ ಕಾಯುವ ಜಾಗಗಳಲ್ಲಿ ಇಡಿ. ಕೊನೆಯ ಸೆನ್ಸರ್ 56 ಮುಟ್ಟಿದ ಮೇಲೆಯೇ ಎಣಿಕೆ. 25ನೇ ನಿಮಿಷಕ್ಕೆ ಕರೆಂಟ್ ಹೋಗಿ ಶಾಖ 55ಕ್ಕೆ ಇಳಿಯಿತೆನ್ನಿ, ಮತ್ತೆ ಸೊನ್ನೆಯಿಂದ ಶುರು. ಇಲ್ಲಿ ರಿಯಾಯಿತಿ ಕೊಡುವುದು ಶುದ್ಧ ಮೋಸ. ಅಷ್ಟೂ ಹೊತ್ತಿನ ದಾಖಲೆಯನ್ನು ಬ್ಯಾಚ್ ನಂಬರ್ ಸಮೇತ ಇಟ್ಟುಕೊಳ್ಳಬೇಕು.

ಮುದ್ರೆಯ ಚೌಕಟ್ಟಿನೊಳಗೆ ಎಡಕ್ಕೆ ತೆನೆಯ ಚಿತ್ರವಿರುವ ಐಪಿಪಿಸಿ (ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ) ಗುರುತು, ನಡುವೆ ಒಂದು ನಿಲುಗೆರೆ, ಬಲಕ್ಕೆ ಐಎನ್ ಅನ್ನುವ ದೇಶದ ಅಕ್ಷರ, ಅನುಮತಿ ಪಡೆದ ಘಟಕದ ಸಂಖ್ಯೆ, ಎಚ್‌ಟಿ. ಶಾಖದ ಬದಲು ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲದ ಹೊಗೆ ಹಾಕಿದ್ದರೆ ಎಂಬಿ. ಕಂಪನಿಯ ಲೋಗೋ, ತಾರೀಖು ಏನಿದ್ದರೂ ಚೌಕಟ್ಟಿನ ಹೊರಗೆ. ಸುಟ್ಟು ಒತ್ತಬಹುದು, ಸ್ಟೆನ್ಸಿಲ್ ಇಟ್ಟು ಬಣ್ಣ ಹೊಡೆಯಬಹುದು, ಕೈಯಲ್ಲಿ ಬರೆಯುವಂತಿಲ್ಲ. ಕೆಂಪು, ಕಿತ್ತಳೆ ಬಣ್ಣ ಅಪಾಯಕಾರಿ ಸರಕಿನ ಗುರುತಿಗೆ ಬಳಕೆಯಾಗುವುದರಿಂದ ಅವು ಬೇಡ, ಕಪ್ಪು ಒಳ್ಳೆಯದು. ಎದುರುಬದುರು ಎರಡು ಬದಿಗೆ ಒತ್ತಿದರೆ ಹೇಗೆ ಜೋಡಿಸಿದರೂ ಕಾಣುತ್ತದೆ.

ಪ್ಲೈವುಡ್‌ಗೆ, 6 ಮಿ.ಮೀ. ಮತ್ತು ಅದಕ್ಕಿಂತ ತೆಳುವಾದ ಮರಕ್ಕೆ ಈ ನಿಯಮವಿಲ್ಲ. ಆದರೆ ಪ್ಲೈವುಡ್ ಪೆಟ್ಟಿಗೆಯ ಅಡಿಗೆ ಹೊಡೆದ ಮರದ ರೀಪರ್‌ಗೆ ಇದೆ! ಸರಕು ಅಲುಗದಂತೆ ಕಂಟೇನರ್‌ನಲ್ಲಿ ಸಿಗಿಸುವ ತುಂಡುಗಳಿಗೂ ಇದೆ, ಒಂದೊಂದರ ಮೇಲೂ ಪೂರ್ತಿ ಮುದ್ರೆ ಇರಬೇಕು. ಅರ್ಧ ಕತ್ತರಿಸಿ ಹೋದ ಮುದ್ರೆಗೆ ಬೆಲೆಯಿಲ್ಲ. ಹಳೆಯ ಪ್ಯಾಲೆಟ್‌ನಲ್ಲಿ ಸುಮಾರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮರ ಬದಲಾಯಿಸಿದ್ದರೆ ಹಳೆಯ ಮುದ್ರೆಗಳನ್ನೆಲ್ಲ ಅಳಿಸಿ, ಮತ್ತೆ ಶಾಖ ಕೊಟ್ಟು, ಹೊಸದಾಗಿ ಒತ್ತಬೇಕು.

ಎಚ್‌ಟಿ ಆಯಿತೆಂದರೆ ಮರ ಒಣಗಿತೆಂದಲ್ಲ. 30 ನಿಮಿಷದ ಶಾಖಕ್ಕೆ ಹುಳ ಸಾಯುತ್ತದೆ, ನೀರು ಒಳಗೇ ಉಳಿಯುತ್ತದೆ. ಹಾಗೇ ತುಂಬಿ ಕಳಿಸಿದರೆ ಮುಚ್ಚಿದ ಕಂಟೇನರ್‌ನಲ್ಲಿ ಬೂಷ್ಟು ಹಿಡಿಯುತ್ತದೆ. ಲೋಡ್ ಮಾಡುವ ಮುಂಚೆ ಕೆಲ ದಿನ ನೆಲಕ್ಕೆ ತಾಗದಂತೆ, ಗಾಳಿಯಾಡುವ ಸೂರಿನಡಿ ಸಂದು ಬಿಟ್ಟು ಪೇರಿಸಿಡಿ.