ಹೊಳೆ ಇಳಿದರೂ ಅಂಜಿಕೆ ಯಾಕೆ ಇಳಿಯುವುದಿಲ್ಲ?

ಮಳೆಗಾಲ ಹತ್ತಿರ ಬಂತೆಂದರೆ ಘಟಪ್ರಭಾ, ಮಲಪ್ರಭಾ, ಕೃಷ್ಣಾ ದಂಡೆಯ ಊರುಗಳ ಮಂದಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಹೊಳಿ ಬಂದು ಹೋಗಿ ಎಷ್ಟು ವರ್ಷ ಆತ್ರಿ. ಮನಿ ಕಟ್ಟಿಸಿದ್ವಿ, ಸಾಲಾನೂ ಅರ್ಧ ತೀರೇತಿ. ಆದ್ರೂ ತಗಡಿನ ಮ್ಯಾಲೆ ಮಳಿ ಸಪ್ಪಳ ಕೇಳಿದ್ರ, ಓಣ್ಯಾಗ ಮೈಕ್ ಕೂಗಿದ್ರ ನಮ್ಮವ್ವಗ ಎದಿ ಹೊಡ್ಕೊಳ್ಳಾಕ ಹತ್ತತೈತಿ. ದಿನಾ ಹೋದಂಗ ಕಡಿಮಿ ಆಗಬೇಕಿತ್ತಲ್ಲ?"

2019ರ ಆಗಸ್ಟ್‌ನಲ್ಲಿ ಗೋಕಾಕ, ಮುಧೋಳ, ರಾಮದುರ್ಗದ ಕಡೆ ಮನೆಯೊಳಗೆ ನೀರು ನುಗ್ಗಿದ್ದನ್ನು ಕಂಡವರು ಇದನ್ನು ಕೇಳುತ್ತಾರೆ. 2009ರ ಮಳೆಯಲ್ಲಿ ಮಣ್ಣಿನ ಗೋಡೆ ಕುಸಿದದ್ದನ್ನು ಕಂಡವರೂ, ವಿಜಯಪುರದ ಕಡೆ ಭೂಮಿ ನಡುಗಿದ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದವರೂ ಕೇಳುತ್ತಾರೆ. ನಮ್ಮ ಉತ್ತರ ಇಷ್ಟು: ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಅಂಜಿಕೆ ತಾನಾಗಿಯೇ ತಗ್ಗುತ್ತದೆ. ಯಾರಿಗೆ ತಗ್ಗಲಿಲ್ಲವೋ ಅವರು ಇನ್ನಷ್ಟು ವರ್ಷ ಕಾದರೆ ತಾನಾಗಿಯೇ ಹೋದೀತೆಂದು ನಂಬಿ ಕೂರಬಾರದು. ಅಂಜಿಕೆ ಮಿದುಳು ಕಲಿತ ಒಂದು ಪಾಠ. ಆ ಪಾಠ ಹಳೆಯದಾಗಿ ಅಳಿಯುವುದಿಲ್ಲ, ಅದರ ಎದುರಿಗೆ ಇನ್ನೊಂದು ಪಾಠವನ್ನು ಮಿದುಳಿಗೆ ಕಲಿಸಬೇಕು.

ಮೈಕಿನ ಸದ್ದು ಕಿವಿಗೆ ಬಿದ್ದಾಗ ಒಳಗೆ ಆಗುವುದನ್ನು ನೋಡೋಣ. ಕಿವಿಯಿಂದ ಬಂದ ಸುದ್ದಿ ಮಿದುಳಿನ ನಡುವಿನ ಥಲಾಮಸ್ ತಲುಪುತ್ತದೆ. ಅಲ್ಲಿಂದ ದಾರಿ ಎರಡಾಗುತ್ತದೆ. ಒಂದು ನೇರವಾಗಿ ಅಮಿಗ್ಡಲಾಕ್ಕೆ ಹೋಗುತ್ತದೆ. ಅದು ಎರಡೂ ಕಿವಿಗಳ ಕಡೆ, ಮಿದುಳಿನ ಒಳಗೆ ಇರುವ ಬಾದಾಮಿ ಆಕಾರದ ಪುಟ್ಟ ಭಾಗ. ಇನ್ನೊಂದು ದಾರಿ ಮಿದುಳಿನ ಹೊರಪದರವಾದ ತೊಗಟೆಗೆ ಹೋಗಿ, "ಇದು ಏನು ಸದ್ದು, ಯಾರ ದನಿ" ಎಂದು ವಿಚಾರಿಸಿಕೊಂಡು ತಡವಾಗಿ ಅಮಿಗ್ಡಲಾಕ್ಕೆ ಬರುತ್ತದೆ. ನೇರ ದಾರಿ ಬೇಗ ಮುಟ್ಟುತ್ತದೆ, ಆದರೆ ಅದಕ್ಕೆ ವಿವರ ಗೊತ್ತಿಲ್ಲ. ಹೀಗಾಗಿ ಮೈಕಿನಲ್ಲಿ ಕೂಗಿದವನು ಉಳ್ಳಾಗಡ್ಡಿ ಮಾರುವವನೆಂದು ತಿಳಿಯುವ ಮೊದಲೇ ಅಡ್ರಿನಲಿನ್ ರಕ್ತಕ್ಕೆ ಸೇರಿ, ಎದೆ ಬಡಿತ ಏರಿ, ಅಂಗೈ ಒದ್ದೆಯಾಗಿರುತ್ತದೆ. ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ನಿಧಾನವಾಗಿ ಏರಿ, ಸುಮಾರು 20–30 ನಿಮಿಷಕ್ಕೆ ತುದಿ ಮುಟ್ಟುತ್ತದೆ. ಉಳ್ಳಾಗಡ್ಡಿ ಗಾಡಿ ಮುಂದಿನ ಓಣಿಗೆ ಹೋಗಿ ಎಷ್ಟೋ ಹೊತ್ತಾದರೂ ಅವ್ವನ ಕೈ ನಡುಗುತ್ತಿರುವುದು ಇದರಿಂದಲೇ. "ಸುಮ್ನ ನಾಟಕ ಮಾಡ್ತಾಳ" ಎನ್ನುವವರು ಇದನ್ನು ತಿಳಿದುಕೊಳ್ಳಬೇಕು. ಆ ಮಾತು ನಿಜವೂ ಅಲ್ಲ, ನೋವು ಕೊಡುವುದಂತೂ ಖಂಡಿತ.

ಅಮಿಗ್ಡಲಾದ ಪಕ್ಕದಲ್ಲೇ ಹಿಪ್ಪೊಕ್ಯಾಂಪಸ್ ಇದೆ. ಇದು ಯಾವ ಊರಲ್ಲಿ, ಯಾವಾಗ ನಡೆಯಿತು ಎಂಬ ಗುರುತನ್ನು ನೆನಪಿಗೆ ಅಂಟಿಸುತ್ತದೆ. ಹಣೆಯ ಹಿಂದಿರುವ ಪ್ರೀಫ್ರಂಟಲ್ ಭಾಗ "ಸಾಕು, ಇಲ್ಲಿ ಅಪಾಯವಿಲ್ಲ" ಎಂದು ಅಮಿಗ್ಡಲಾವನ್ನು ತಡೆಯುತ್ತದೆ. ಅತಿಯಾದ ಒತ್ತಡದಲ್ಲಿ ಈ ಎರಡೂ ಸೊರಗುತ್ತವೆ, ಅಮಿಗ್ಡಲಾ ಮಾತ್ರ ಚುರುಕಾಗುತ್ತದೆ. ಆಗ ಮೂಡಿದ ನೆನಪಿಗೆ ತಾರೀಖು ಸರಿಯಾಗಿ ಅಂಟಿರುವುದಿಲ್ಲ. ಸದ್ದು ಕೇಳಿದರೆ "ಆಗ ಬಂದಿತ್ತು" ಎಂದಲ್ಲ, "ಈಗ ಬಂತು" ಎಂದೇ ಮೈ ನಂಬುತ್ತದೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನದೇ ಮಹತ್ವದ ಕೆಲಸವಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಅವರ ಸಂಗಡಿಗರು ಇಲಿಗಳನ್ನು ದಿನಕ್ಕೆ 2 ತಾಸಿನಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟು, ಆಮೇಲೆ ಮಿದುಳಿನ ನರಕೋಶಗಳನ್ನು ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹಿಪ್ಪೊಕ್ಯಾಂಪಸ್‌ನಲ್ಲಿ ಕೋಶಗಳ ಕವಲುಗಳು ಕುಗ್ಗಿದ್ದವು, ಅಮಿಗ್ಡಲಾದಲ್ಲಿ ಅದೇ ಕವಲುಗಳು ಬೆಳೆದಿದ್ದವು. ಮುಂದೆ 21 ದಿನ ಯಾವ ಒತ್ತಡವೂ ಇಲ್ಲದೆ ಬಿಟ್ಟರು. ಹಿಪ್ಪೊಕ್ಯಾಂಪಸ್ ಮೊದಲಿನಂತಾಯಿತು, ಅಮಿಗ್ಡಲಾದ ಬೆಳವಣಿಗೆ ಹಾಗೇ ಉಳಿಯಿತು. ಮೇಲಿನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ. ವಿಶ್ರಾಂತಿ ಕೊಟ್ಟರೆ ಮಿದುಳಿನ ಒಂದು ಭಾಗ ಸುಧಾರಿಸುತ್ತದೆ, ಅಂಜಿಕೆಯ ಭಾಗಕ್ಕೆ ವಿಶ್ರಾಂತಿಯೊಂದೇ ಸಾಲುವುದಿಲ್ಲ.

ಅದೇ ತಂಡದ 2005ರ ಪ್ರಯೋಗದಲ್ಲಿ ಒಂದೇ ಒಂದು ಸಲ, 2 ತಾಸು ಹಿಡಿದಿಟ್ಟರು. ಮರುದಿನ ನೋಡಿದರೆ ಏನೂ ಬದಲಾಗಿರಲಿಲ್ಲ. 10ನೇ ದಿನ ನೋಡಿದರೆ ಅಮಿಗ್ಡಲಾದ ಕೋಶಗಳ ಮೇಲೆ ಹೊಸ ಸಂಪರ್ಕದ ಮೊಗ್ಗುಗಳು ಹೆಚ್ಚಿದ್ದವು, ಇಲಿಗಳ ಆತಂಕವೂ ಹೆಚ್ಚಿತ್ತು. ಗಂಜಿ ಕೇಂದ್ರದಲ್ಲಿ ಹತ್ತಾರು ಜನಕ್ಕೆ ಗಟ್ಟಿಯಾಗಿ ನಿಂತವರು ಮನೆಗೆ ಮರಳಿ ಕೆಸರು ತೆಗೆದ ಮೇಲೆ ಕುಸಿಯುವುದನ್ನು ಕಂಡು ಮಂದಿ ಅಚ್ಚರಿಪಡುತ್ತಾರೆ. ಇಲಿಯ ದಿನಗಳನ್ನು ಮನುಷ್ಯರ ದಿನಗಳಿಗೆ ಹಾಗೇ ಹೊಂದಿಸಲು ಬರುವುದಿಲ್ಲ, ಆದರೆ ತಡವಾಗಿ ಬರುವ ಅಂಜಿಕೆ ಸುಳ್ಳಲ್ಲ ಎಂಬುದಕ್ಕೆ ಇಷ್ಟು ಸಾಕು.

ಅಣ್ಣನಿಗೆ ಏನೂ ಆಗಲಿಲ್ಲ, ತಮ್ಮನಿಗೆ ಯಾಕೆ ಎಂದರೆ, ಎಲ್ಲವನ್ನೂ ಹೊಳೆಯೇ ಮಾಡಿದ್ದಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋದವರು ಮತ್ತು ಹೋಗದ ಅವರ ಅವಳಿ ಸಹೋದರರನ್ನು ಹೋಲಿಸಿದ 2002ರ ಅಧ್ಯಯನದಲ್ಲಿ, ಆಘಾತದಿಂದ ತೀವ್ರವಾಗಿ ನರಳುತ್ತಿದ್ದವರಷ್ಟೇ ಅಲ್ಲ, ಮನೆಯಲ್ಲೇ ಇದ್ದ ಅವರ ಅವಳಿಗಳ ಹಿಪ್ಪೊಕ್ಯಾಂಪಸ್ ಕೂಡ ಚಿಕ್ಕದಿತ್ತು. ಕೆಲವರ ಮಿದುಳು ಮೊದಲೇ ಇಂಥ ಪೆಟ್ಟಿಗೆ ಸುಲಭವಾಗಿ ಸಿಗುತ್ತದೆ.

ಇನ್ನು ಅಂಜಿಕೆಯ ಎದುರಿಗೆ ಕಲಿಸಬೇಕಾದ ಎರಡನೆಯ ಪಾಠ. ಸದ್ದಿನ ಬೆನ್ನಿಗೇ ಸಣ್ಣ ವಿದ್ಯುತ್ ಹೊಡೆತ ತಿಂದ ಇಲಿ ಮರುದಿನ ಬರೀ ಸದ್ದಿಗೇ ಕಲ್ಲಾಗಿ ನಿಲ್ಲುತ್ತದೆ. ಹೊಡೆತವಿಲ್ಲದೆ ಸದ್ದನ್ನು ಹತ್ತಾರು ಸಲ ಕೇಳಿಸಿದರೆ ನಿಧಾನಕ್ಕೆ ಓಡಾಡತೊಡಗುತ್ತದೆ. ಆದರೆ ಇಲಿಯನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಕೇಳಿಸಿದರೆ, ಕೆಲವು ವಾರ ಬಿಟ್ಟು ಕೇಳಿಸಿದರೆ, ಇಲ್ಲವೇ ನಡುವೆ ಒಂದು ಹೊಡೆತ ಬಿದ್ದರೆ ಹಳೆಯ ಅಂಜಿಕೆ ಮರಳುತ್ತದೆ. ಅಂಜಿಕೆ ಒಂದೇ ಸಲಕ್ಕೆ ಕಲಿತು ಎಲ್ಲ ಊರಿಗೂ ಹಬ್ಬುತ್ತದೆ, ಧೈರ್ಯವನ್ನು ಹಲವು ಸಲ ಕಲಿಯಬೇಕು, ಅದೂ ಕಲಿತ ಜಾಗಕ್ಕೇ ಅಂಟಿಕೊಂಡಿರುತ್ತದೆ. ಬೆಳಗಾವಿಯ ಮಗಳ ಮನೆಯಲ್ಲಿ ಧೈರ್ಯ ಕಲಿತು ಮಳೆಗೆ ನೆಮ್ಮದಿಯಾಗಿ ಮಲಗುವ ಅವ್ವ ಊರಿಗೆ ಬಂದ ರಾತ್ರಿಯೇ ಎದ್ದು ಕೂರುವುದು ಇದಕ್ಕೇ. ಅದು ಸೋಲಲ್ಲ, ಊರಿನ ಪಾಠ ಬಾಕಿ ಇದೆ ಅಷ್ಟೆ.

ಅಭ್ಯಾಸ ಹೀಗೆ. ಅಂಜಿಸುವ ಎಂಟು-ಹತ್ತು ಸಂಗತಿಗಳನ್ನು ಬರೆದು, ಒಂದೊಂದಕ್ಕೂ 0ರಿಂದ 100ರೊಳಗೆ ಅಂಕ ಕೊಡಿ. ಮೊಬೈಲಿನಲ್ಲಿ ಮಳೆ ಸದ್ದು 30 ಇರಬಹುದು, ತರಕಾರಿ ಗಾಡಿಯ ಮೈಕು 45, ರಾತ್ರಿ ತಗಡಿನ ಕೆಳಗೆ ನಿಜವಾದ ಮಳೆ 70, ತುಂಬಿ ಹರಿಯುವ ಹೊಳೆಯನ್ನು ಸೇತುವೆಯಿಂದ ದೂರ ನಿಂತು ನೋಡುವುದು 90. ಮೂವತ್ತು-ನಲ್ವತ್ತರ ಆಸುಪಾಸಿನದನ್ನು ಮೊದಲು ಹಿಡಿಯಿರಿ. ಶುರು ಮಾಡುವ ಮೊದಲು ಏನಾಗುತ್ತದೆ ಎಂದು ಅನಿಸುತ್ತದೋ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ: "ಹತ್ತು ನಿಮಿಷದಾಗ ಉಸಿರು ಕಟ್ಟಿ ಬೀಳ್ತೀನಿ." ಆಮೇಲೆ 30–45 ನಿಮಿಷ ಆ ಸದ್ದಿನ ಜೊತೆ ಕೂರಬೇಕು. ಮುಗಿದ ಮೇಲೆ ನಿಜವಾಗಿ ಏನಾಯಿತೆಂದು ಅದೇ ಸಾಲಿನ ಕೆಳಗೆ ಬರೆಯಬೇಕು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರದಿಂದಲೇ ಮಿದುಳು ಕಲಿಯುತ್ತದೆ. ಹೀಗೆ ವಾರದಲ್ಲಿ ನಾಲ್ಕೈದು ದಿನ ಮಾಡಿ, ಆಮೇಲೆ ಜಾಗ ಬದಲಿಸಿ: ಪಡಸಾಲೆ, ಅಡುಗೆಮನೆ, ಬೀಗರ ಮನೆ, ಹಗಲು, ರಾತ್ರಿ, ಯಾರಾದರೂ ಜೊತೆಗಿದ್ದಾಗ, ಒಬ್ಬರೇ ಇದ್ದಾಗ.

ಕೆಡುವುದು ಎಲ್ಲಿ? ಬಹಳ ಸಲ, ಅಂಜಿಕೆ ತುದಿ ಮುಟ್ಟಿದಾಗ ಎದ್ದುಹೋಗುವುದರಲ್ಲಿ. ಆಗ ಸಿಗುವ ಹಗುರವನ್ನು ಮಿದುಳು "ಓಡಿದ್ದಕ್ಕೇ ಬದುಕಿದೆ" ಎಂದು ಬರೆದುಕೊಳ್ಳುತ್ತದೆ, ಅಂಜಿಕೆ ಇನ್ನೂ ಗಟ್ಟಿಯಾಗುತ್ತದೆ. ಮಗನ ಕೈ ಹಿಡಿದೇ ಕೂರುವುದು, ಕಾಗದಪತ್ರದ ಗಂಟನ್ನು ವರ್ಷವಿಡೀ ತಲೆದಿಂಬಿನ ಕೆಳಗೆ ಇಟ್ಟು ಮಲಗುವುದು, ವಾಟ್ಸಾಪ್‌ನಲ್ಲಿ ತಾಸಿಗೊಮ್ಮೆ ನವಿಲುತೀರ್ಥ, ಹಿಡಕಲ್, ಆಲಮಟ್ಟಿ ಜಲಾಶಯಗಳ ಒಳಹರಿವು ನೋಡುವುದು, ಇವೂ ಅದೇ ಕೆಲಸ ಮಾಡುತ್ತವೆ. ಏನೂ ಆಗದಿದ್ದ ಶ್ರೇಯ ಗಂಟಿಗೆ ಹೋಗುತ್ತದೆ. ಸತತ ನಿದ್ದೆಗೆಟ್ಟ ದಿನಗಳಲ್ಲಿ ಮಾಡಿದ ಅಭ್ಯಾಸವೂ ಸರಿಯಾಗಿ ಕೂರುವುದಿಲ್ಲ, ಯಾಕೆಂದರೆ ಹೊಸ ಪಾಠ ಗಟ್ಟಿಯಾಗುವುದೇ ನಿದ್ದೆಯಲ್ಲಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಹೊಳೆಗಳು ನಿಜವಾಗಿಯೂ ಬರುತ್ತವೆ. ನೀರು ಬಿಟ್ಟಾರೆಂದು ಪಂಚಾಯಿತಿ ಮೈಕಿನಲ್ಲಿ ಕೂಗಿದರೆ ಗಂಟು ಕಟ್ಟಿ ಏಳಲೇಬೇಕು, ಆ ದಿನಗಳಲ್ಲಿ ಅಭ್ಯಾಸ ಬೇಡವೇ ಬೇಡ. ಆ ಮೈಕಿಗೂ ಉಳ್ಳಾಗಡ್ಡಿ ಮೈಕಿಗೂ ಇರುವ ವ್ಯತ್ಯಾಸ ಮೈಗೆ ಮತ್ತೆ ತಿಳಿಯಬೇಕು, ಅಷ್ಟೇ ಗುರಿ. ಮಳೆಗಾಲದಲ್ಲಿ ಜಲಾಶಯದ ಮಟ್ಟವನ್ನು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು.

ಔಷಧದಂಗಡಿಯಿಂದ ನೇರ ತಂದ ನಿದ್ದೆ ಗುಳಿಗೆ ಬೇಡ. ಆಘಾತದ ಮೊದಲ ತಿಂಗಳಲ್ಲಿ ಅಲ್ಪ್ರಾಝೋಲಾಮ್ ಜಾತಿಯ ಗುಳಿಗೆಗಳನ್ನು ಈ ಅಂಜಿಕೆಗೆಂದು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಆಮೇಲೂ ಅವು ಚಟ ಹಿಡಿಸುತ್ತವೆ, ಹೊಸ ಪಾಠ ಕಲಿಯಲು ಅಡ್ಡಿಯಾಗುತ್ತವೆ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರ ಕೈಯಲ್ಲಿ ಹಂತಹಂತವಾಗಿ ಇಳಿಸಬೇಕು. ಈ ಅಂಜಿಕೆಗೆ ವೈದ್ಯರು ಬರೆದುಕೊಡುವ ಸೆರ್ಟ್ರಲಿನ್‌ನಂಥ ಗುಳಿಗೆಗಳು ಬೇರೆ. ಅವು ಕೆಲಸ ಮಾಡಲು ಕೆಲವು ವಾರ ಬೇಕು, ಎಂಟು ದಿನ ನುಂಗಿ "ಏನೂ ಹತ್ತಲಿಲ್ಲ" ಎಂದು ಬಿಡಬೇಡಿ.

ಮನೆಯವರನ್ನೇ ಹೊಳೆಯಲ್ಲಿ ಕಳೆದುಕೊಂಡವರು, ಎಚ್ಚರವಿದ್ದಾಗಲೇ ಆ ದಿನದೊಳಗೆ ಮುಳುಗಿ ಮುಂದಿರುವವರನ್ನು ಮರೆಯುವವರು, ಕುಡಿತ ಹೆಚ್ಚಿದವರು, ಹೃದ್ರೋಗ ಇರುವವರು, ಸಾಯುವ ಮಾತಾಡುವವರು ಈ ಅಭ್ಯಾಸವನ್ನು ಮನೆಯಲ್ಲಿ ಒಬ್ಬರೇ ಮಾಡಬಾರದು. ತಿಂಗಳು ಮೀರಿ ನಿದ್ದೆ, ಕೆಲಸ ಕೆಟ್ಟಿದ್ದರೆ ಯಾರೇ ಆಗಲಿ ಮನೋವೈದ್ಯರನ್ನು ಕಾಣಬೇಕು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ತಪಾಸಣೆ ಇರುತ್ತದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ರಾತ್ರಿ ಮಳೆಯಲ್ಲಿ ತೀರಾ ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ತಾಸೂ ಕನ್ನಡದಲ್ಲೇ ಮಾತಾಡಬಹುದು.